ಮಸ್ಕಿಯವರನ್ನು ಲಿಂಗಸುಗೂರಿಗೆ ಕಳಿಸಿದ ಸಾಲುಗಳು

ಸಿಂಧನೂರಿನಲ್ಲಿ ನಾನು ಸಾಫ್ಟ್‌ವೇರ್ ಬರೆಯುತ್ತೇನೆ ಅಂದರೆ ಜನ ಮೊದಲು ನನ್ನ ಮುಖ ನೋಡುತ್ತಾರೆ, ಆಮೇಲೆ ತಮ್ಮ ಮೊಬೈಲು ತೆಗೆದು ಕೊಡುತ್ತಾರೆ. 'ಇದು ಭಾಳ ಬಿಸಿ ಆಗಾಕತ್ತೈತಿ, ಸ್ವಲ್ಪ ನೋಡ್ರಿ.' ನಾನೂ ನೋಡುತ್ತೇನೆ. ಬಿಸಿಯಾಗಿದೆ ಅಂತ ಹೇಳಿ ವಾಪಸ್ ಕೊಡುತ್ತೇನೆ. ಅಷ್ಟರಲ್ಲಿ ಸ್ವಲ್ಪ ಆರಿರುತ್ತದೆ, ಹಾಗಾಗಿ ನನಗೆ ಊರಲ್ಲಿ ಒಳ್ಳೆಯ ಹೆಸರಿದೆ.

ನನ್ನ ಖರೆ ಕೆಲಸ ಬೇರೆ. ರಕ್ತ ಪರೀಕ್ಷೆ ಮಾಡುವ ಒಂದು ಲ್ಯಾಬು ನಮ್ಮದು. ಡಾಕ್ಟರೊಬ್ಬರು ಇದರ ಮಾಲೀಕರು. ಸಿಂಧನೂರಿನಲ್ಲಿ ಮುಖ್ಯ ಕಚೇರಿ, ಲಿಂಗಸುಗೂರಿನಲ್ಲೊಂದು, ಮಸ್ಕಿಯಲ್ಲೊಂದು ಶಾಖೆ. ಯಾರ ರಕ್ತ, ಯಾವ ಪರೀಕ್ಷೆ, ರಿಪೋರ್ಟು ಯಾವ ಶಾಖೆಯಲ್ಲಿ ಪ್ರಿಂಟಾಗಬೇಕು, ಇದೆಲ್ಲ ನೋಡಿಕೊಳ್ಳುವ ಸಾಫ್ಟ್‌ವೇರನ್ನು ಹತ್ತು ಹನ್ನೆರಡು ವರ್ಷದಿಂದ ಒಬ್ಬನೇ ಬರೆದುಕೊಂಡು ಬಂದವನು ನಾನು. ಅದರಲ್ಲಿ ನಾನು ಒಂದೇ ಒಂದು ಸಾಲನ್ನೂ ಅಳಿಸಿದವನಲ್ಲ. ಇದನ್ನು ನಾನು ಬಹಳ ವರ್ಷ ಹೆಮ್ಮೆಯಿಂದಲೇ ಹೇಳಿಕೊಳ್ಳುತ್ತಿದ್ದೆ.

ಅಳಿಸದಿರುವುದು ನಮ್ಮ ಮನೆತನದ ಗುಣ. ನಮ್ಮ ವಂಶದಲ್ಲಿ ಮೊದಲು ಸರ್ಕಾರಿ ಪಗಾರ ಕಂಡವರು ನಮ್ಮಪ್ಪ. ಒಂದು ಸರ್ಟಿಫಿಕೇಟಿಗಾಗಿ ಕಚೇರಿಯಿಂದ ಕಚೇರಿಗೆ ಅಲೆದು ಬಂದವರಾದ್ದರಿಂದ ಅವರು ಬಸ್ಸಿನ ಟಿಕೇಟನ್ನೂ ಹೊರಗೆ ಒಗೆಯುತ್ತಿರಲಿಲ್ಲ. ಪಡಸಾಲೆಯಲ್ಲಿ ಬುದ್ಧನ ಫೋಟೊದ ಕೆಳಗೆ ಕಬ್ಬಿಣದ ಸಂದೂಕ, ಅದರ ತುಂಬ ಕಾಗದ. 'ಕಾಗದ ಇದ್ರ ಮನಷ್ಯಾ ಅದಾನ, ಕಾಗದ ಇಲ್ಲಂದ್ರ ಮನಷ್ಯಾನೂ ಇಲ್ಲ' ಅನ್ನುತ್ತಿದ್ದರು. ಅವರಿಗೆ ಅದು ಬರೋಬ್ಬರಿ ಮಾತು. ಅದನ್ನು ತಂದು ಕಂಪ್ಯೂಟರಿಗೆ ಹಚ್ಚಿದ್ದು ನನ್ನ ಶಾಣ್ಯಾತನ.

ಹಾಗಾಗಿ ಹೊಸದು ಬರೆದಾಗೆಲ್ಲ ಹಳೆಯದನ್ನು ಅಲ್ಲೇ ಬಿಟ್ಟೆ. ಫೈಲುಗಳ ಹೆಸರೇ ಸಾಕ್ಷಿ: 'ರಿಪೋರ್ಟ್ ಹೊಸದು', 'ರಿಪೋರ್ಟ್ ಹೊಸದು ಎರಡು', 'ರಿಪೋರ್ಟ್ ಕೊನೇದು', 'ರಿಪೋರ್ಟ್ ಖರೇನ ಕೊನೇದು'. ಇವುಗಳಲ್ಲಿ ಕೆಲಸ ಮಾಡುತ್ತಿದ್ದುದು 'ಹೊಸದು ಎರಡು'. ಯಾಕೆ ಅಂತ ನನ್ನನ್ನು ಕೇಳಬೇಡಿ, ನಾನೂ ನನ್ನನ್ನು ಕೇಳಿಕೊಂಡಿರಲಿಲ್ಲ.

ಕೆಲಸ ಹೆಚ್ಚಾಯಿತು ಅಂತ ಡಾಕ್ಟರು ಇನ್ನೊಬ್ಬರನ್ನು ತೆಗೆದುಕೊಂಡರು. ಮೂವತ್ತರ ಆಸುಪಾಸಿನ ಹೆಣ್ಣುಮಗಳು. ತವರು ಮುಕ್ಕುಂದ, ಗದ್ದೆ ಮಾಡುವ ಮನೆ. ಗಂಡನಿಗೆ ಹಟ್ಟಿಯ ಚಿನ್ನದ ಗಣಿಯಲ್ಲಿ ಶಿಫ್ಟಿನ ಕೆಲಸ, ಮನೆ ಅಲ್ಲಿನ ಕಂಪನಿ ಕ್ವಾರ್ಟರ್ಸಿನಲ್ಲಿ. ವಾರದಲ್ಲಿ ಎರಡು ದಿನ ಸಿಂಧನೂರಿಗೆ ಬರುವುದು, ಉಳಿದ ದಿನ ಹಟ್ಟಿಯಿಂದಲೇ ಕೆಲಸ ಅಂತ ಒಪ್ಪಂದ. ನಾನು ಆಕೆಗೆ ಸಾಫ್ಟ್‌ವೇರನ್ನು ತೋರಿಸಿದೆ. ಹಂಪಿ ತೋರಿಸುವ ಗೈಡಿನ ಹಾಗೆ, ಒಂದೊಂದು ಫೈಲಿನ ಮುಂದೆ ನಿಂತು, ಇತಿಹಾಸ ಹೇಳಿ.

ಮೊದಲ ವಾರ ದಿನಾ ಕಚೇರಿಗೇ ಬಂದ ಆಕೆ ಮೂರು ದಿನ ಕೂತು ಓದಿದಳು. ನಾಲ್ಕನೆಯ ದಿನ ಕೇಳಿದಳು.

'ಸರ್, ಇದನ್ನ ಯಾರು ಕರೀತಾರ್ರಿ?'

ಕೋಡಿನ ಒಂದು ತುಂಡು ಕೆಲಸ ಮಾಡಬೇಕಾದರೆ ಇನ್ನೊಂದು ತುಂಡು ಅದನ್ನು ಹೆಸರು ಹಿಡಿದು ಕರೆಯಬೇಕು. ಯಾರೂ ಕರೆಯದಿದ್ದರೆ ಅದು ಸುಮ್ಮನೆ ಕೂತಿರುತ್ತದೆ. ಆಕೆ ತೋರಿಸಿದ್ದನ್ನು ನೋಡಿದೆ. 'ಈಗ ಯಾರೂ ಕರೆಯಲ್ಲ' ಅಂದೆ.

'ಇದನ್ನ?'

'ಅದನ್ನೂ ಇಲ್ಲ.'

'ಹಂಗಾದ್ರ ಇವು ಯಾಕ ಅದಾವ್ರಿ?'

'ಇರಲಿ ಬಿಡಮ್ಮ, ಮುಂದೆ ಬೇಕಾದೀತು.'

ಆಕೆ ಇನ್ನೊಂದು ಜಾಗ ತೋರಿಸಿದಳು. ಅಲ್ಲಿ ಒಂದು ಟಿಪ್ಪಣಿ ಇತ್ತು: 'ಇದು ಹೆಂಗ ನಡೀತೈತಿ ಗೊತ್ತಿಲ್ಲ. ದಯವಿಟ್ಟು ಮುಟ್ಟಬೇಡಿ.' ಓದಿ ನನಗೆ ಸಿಟ್ಟು ಬಂತು. 'ಎಂಥ ಬೇಜವಾಬ್ದಾರಿ! ಯಾರು ಬರೆದದ್ದು ಇದು?' ಅಂದೆ. ಸ್ವಲ್ಪ ಹೊತ್ತಾದ ಮೇಲೆ ನನಗೇ ಹೊಳೆಯಿತು, ಈ ಸಾಫ್ಟ್‌ವೇರಿನಲ್ಲಿ ಆ ತನಕ ನನ್ನನ್ನು ಬಿಟ್ಟು ಬೇರೆ ಯಾರೂ ಬರೆದೇ ಇರಲಿಲ್ಲ.

ಆದರೂ ಬಿಟ್ಟುಕೊಡಲಿಲ್ಲ. ಬೇಡದ್ದನ್ನು ತೆಗೆಯೋಣ ಅಂತ ಆಕೆ ಎರಡು ಸಲ ಕೇಳಿದಳು. ಎರಡು ಸಲವೂ 'ನಡೆಯೋದನ್ನ ಯಾಕೆ ಕೆದಕಬೇಕು' ಅಂದೆ. ಆಕೆಗೆ ಅನುಭವ ಕಮ್ಮಿ ಅಂತ ಡಾಕ್ಟರ ಮುಂದೆ ಹೇಳಿದ್ದೂ ಉಂಟು. ಅದನ್ನು ಈಗ ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತಿದ್ದೇನೆ.

ಆಗ ಮಸ್ಕಿಯ ಪ್ರಕರಣ ನಡೆಯಿತು.

ನಮ್ಮ ಮಸ್ಕಿ ಶಾಖೆ ತೆರೆಯುವುದಕ್ಕೆ ಮುಂಚೆ ಅಲ್ಲಿಯವರು ಪರೀಕ್ಷೆಗೆ ಲಿಂಗಸುಗೂರಿಗೇ ಹೋಗುತ್ತಿದ್ದರು. ತಾಲ್ಲೂಕೂ ಆಗ ಅದೇ. ಹಾಗಾಗಿ ಆ ಕಾಲದಲ್ಲಿ ನಾನು ಒಂದು ನಿಯಮ ಬರೆದಿದ್ದೆ: ವಿಳಾಸ ಮಸ್ಕಿ ಅಂತ ಇದ್ದರೆ ರಿಪೋರ್ಟು ಲಿಂಗಸುಗೂರಿನಲ್ಲಿ ಪ್ರಿಂಟಾಗಲಿ. ಮುಂದೆ ಮಸ್ಕಿ ತಾಲ್ಲೂಕಾಯಿತು, ನಮ್ಮ ಶಾಖೆಯೂ ಬಂತು. ಹೊಸ ನಿಯಮ ಬರೆದೆ. ಹಳೆಯದನ್ನು ಅಳಿಸಿದೆನೇ? ಇಲ್ಲ. ಅದಕ್ಕೆ ಕೋಡಿನಲ್ಲೇ ಒಂದು ಸ್ವಿಚ್ಚು ಹಾಕಿ, ಸ್ವಿಚ್ಚು ಆಫ್ ಮಾಡಿ, ಮಲಗಿಸಿಟ್ಟೆ.

ವರ್ಷಗಳಾದ ಮೇಲೆ, ರಿಪೋರ್ಟು ತಯಾರಾದ ಕೂಡಲೇ ಜನರ ಮೊಬೈಲಿಗೆ ಮೆಸೇಜು ಹೋಗಬೇಕು ಅಂತ ಡಾಕ್ಟರು ಹೇಳಿದರು. ಬೇಕಾದಾಗ ಚಾಲೂ, ಬೇಡವಾದಾಗ ಬಂದ್ ಮಾಡಲು ಅದಕ್ಕೂ ಒಂದು ಸ್ವಿಚ್ಚು ಬೇಕಿತ್ತು. ಹೊಸದು ಮಾಡುವ ಬದಲು ಹುಡುಕಿದೆ. ಒಂದು ಹಳೆಯ ಸ್ವಿಚ್ಚು ಖಾಲಿ ಕೂತಿತ್ತು. ಯಾವುದಕ್ಕೆ ಅಂತ ಮರೆತಿತ್ತು. 'ನೋಡು, ಇಟ್ಟಿದ್ದಕ್ಕೆ ಉಪಯೋಗಕ್ಕೆ ಬಂತು' ಅಂತ ನನ್ನನ್ನು ನಾನೇ ಮೆಚ್ಚಿಕೊಂಡು, ಅದನ್ನೇ ಮೆಸೇಜಿಗೆ ಹಚ್ಚಿ, ಆನ್ ಮಾಡಿ, ಊಟಕ್ಕೆ ಹೋದೆ.

ಮೆಸೇಜುಗಳು ಚೆನ್ನಾಗಿ ಹೋಗತೊಡಗಿದವು. ಅದರ ಜೊತೆಗೆ ಮಲಗಿದ್ದ ಹಳೆಯ ನಿಯಮವೂ ಎದ್ದು ಕೂತಿತು. ಮಸ್ಕಿಯವರ ರಿಪೋರ್ಟುಗಳೆಲ್ಲ ಲಿಂಗಸುಗೂರಿನಲ್ಲಿ ಪ್ರಿಂಟಾದವು. 'ನಿಮ್ಮ ರಿಪೋರ್ಟು ಲಿಂಗಸುಗೂರು ಶಾಖೆಯಲ್ಲಿ ಸಿದ್ಧವಿದೆ' ಅಂತ ಅವರಿಗೆಲ್ಲ ಮೆಸೇಜು ಹೋಯಿತು. ಲಿಂಗಸುಗೂರಿನವರು ವಿಳಾಸ ನೋಡಿ, ಏನೋ ತಪ್ಪಾಗಿ ಬಂದಿವೆ ಅಂತ, ಕಟ್ಟು ಕಟ್ಟಿ ನಮ್ಮ ಗಾಡಿಯಲ್ಲಿ ಮಸ್ಕಿಗೆ ಕಳಿಸಿದರು. ಮಸ್ಕಿಯವರು ಕಂಪ್ಯೂಟರ್ ನೋಡಿ, ಇವು ಲಿಂಗಸುಗೂರಿನವು ಅಂತ ತಿರುಗಿ ಕಳಿಸಿದರು. ಇಬ್ಬರೂ ಪ್ರಾಮಾಣಿಕರು. ಒಬ್ಬರು ವಿಳಾಸವನ್ನು ನಂಬಿದರು, ಇನ್ನೊಬ್ಬರು ಕಂಪ್ಯೂಟರನ್ನು.

ಎರಡನೆಯ ದಿನ ಮಧ್ಯಾಹ್ನ ಸಿಂಧನೂರಿನ ಕಚೇರಿಗೆ ಒಬ್ಬ ಹೆಂಗಸು ಬಂದಳು. ಅರವತ್ತು ದಾಟಿದ ವಯಸ್ಸು, ಕುರಿ ಸಾಕುವ ಮನೆಯವಳು, ಊರು ಮಸ್ಕಿ. ಸಕ್ಕರೆ ಕಾಯಿಲೆಗೆ ರಕ್ತ ಕೊಟ್ಟಿದ್ದಳು. ಬಾಗಿಲಲ್ಲೇ ನಿಂತು ಕೇಳಿದಳು.

'ಕಂಪ್ಯೂಟರ್ ಮಾಡಿದಾವ ಯಾರದಾನ?'

ನಾನು ಹಿಂದೆ ತಿರುಗಿ ನೋಡಿದೆ. ಹಿಂದೆ ಗೋಡೆ ಇತ್ತು.

'ನಾನೇ ರೀ.'

'ನೀ ಏನಪಾ? ನೋಡಾಕ ಶಾಣ್ಯಾ ಇದ್ದಂಗ ಕಾಣ್ತಿ.'

ಕುರ್ಚಿ ಕೊಟ್ಟೆ. ಕೂತು, ನೀರು ಕುಡಿದು, ಕತೆ ಹೇಳಿದಳು. ಮೆಸೇಜು ಓದಿ ಲಿಂಗಸುಗೂರಿಗೆ ಬಸ್ಸು ಹತ್ತಿ ಹೋಗಿದ್ದಾಳೆ. ಅಲ್ಲಿ 'ನಿಮ್ಮದು ಮಸ್ಕಿಗೆ ಹೋಗೇತಿ' ಅಂದರು. ಮಸ್ಕಿಗೆ ಬಂದರೆ 'ಈಗ ಇನ್ನ ಲಿಂಗಸುಗೂರಿಗೆ ಕಳಿಸೀವಿ' ಅಂದರು. ಮರುದಿನ ಮತ್ತೆ ಹೋದರೆ ಮತ್ತೆ ಅದೇ. ಬಹುಶಃ ಆಕೆಯ ಬಸ್ಸು, ರಿಪೋರ್ಟಿನ ಗಾಡಿ, ಎರಡೂ ದಾರಿಯಲ್ಲಿ ಒಂದನ್ನೊಂದು ದಾಟಿ ಹೋಗಿರಬೇಕು.

'ಮಸ್ಕಿ ತಾಲ್ಲೂಕ ಆಗಿ ಎಷ್ಟ ದಿನ ಆತು, ನಿನ್ನ ಕಂಪ್ಯೂಟರಿಗೆ ಗೊತ್ತಿಲ್ಲೇನು?'

'ಗೊತ್ತೈತ್ರಿ ಅಮ್ಮ. ಆದ್ರ ಹಳೇ ನಿಯಮ ಒಂದು ಅದರಾಗ ಉಳದಿತ್ತು. ಅದು ಚಾಲೂ ಆಗಿಬಿಟ್ಟೈತಿ, ಇವತ್ತ ಮುಂಜಾನೆ ಗೊತ್ತಾತು.'

'ಹಳೇದು ಯಾಕ ಇಟ್ಟಿದ್ದಿ?'

'ಮುಂದ ಬೇಕಾದೀತು ಅಂತ.'

ಆಕೆ ನನ್ನ ಕಡೆ ತಿರುಗಿದಳು. ಅಣಕ ಇರಲಿಲ್ಲ, ಖರೇನೆ ತಿಳಿದುಕೊಳ್ಳಬೇಕೆಂಬ ಮುಖ.

'ಅಂದ್ರ, ಮಸ್ಕಿ ತಿರುಗಿ ಲಿಂಗಸುಗೂರು ತಾಲ್ಲೂಕಿಗೆ ಹೋದೀತು ಅಂತ ಕಾಯಾಕತ್ತಿದ್ದೇನು?'

ಮೂಲೆಯ ಮೇಜಿನಲ್ಲಿದ್ದ ನನ್ನ ಸಹೋದ್ಯೋಗಿ ಆ ಕ್ಷಣಕ್ಕೆ ಪೆನ್ನು ಕೆಳಗೆ ಬೀಳಿಸಿಕೊಂಡು, ಅದನ್ನು ಹುಡುಕಲು ಮೇಜಿನ ಕೆಳಗೆ ಹೋದಳು. ಬಹಳ ಹೊತ್ತು ಮೇಲೆ ಬರಲಿಲ್ಲ.

ಅಮ್ಮನ ರಿಪೋರ್ಟನ್ನು ಅಲ್ಲೇ ಪ್ರಿಂಟ್ ಮಾಡಿ ಕೊಟ್ಟೆ. ಒಳಗಿಂದ ಬಂದ ಡಾಕ್ಟರು ನೋಡಿ, ಸಕ್ಕರೆ ಕಮ್ಮಿಯಾಗಿದೆ, ಒಳ್ಳೆಯದಾಯಿತು ಅಂದರು. 'ಆ ರಕ್ತ ಕೊಟ್ಟ ಮ್ಯಾಲ ಎರಡು ದಿನ ಬಸ್‌ಸ್ಟ್ಯಾಂಡಿನಿಂದ ಬಸ್‌ಸ್ಟ್ಯಾಂಡಿಗೆ ಅಡ್ಡಾಡೀನ್ರಿ. ಈಗ ನೋಡಿದ್ರ ಇನ್ನಾ ಕಮ್ಮಿ ಇರತೈತಿ' ಅಂದಳು. ಆಕೆಯನ್ನು ಮಸ್ಕಿಯ ಬಸ್ಸಿಗೆ ಹತ್ತಿಸಲು ನಾನೇ ಹೋದೆ. ಕಿಟಕಿಯಿಂದ ತಲೆ ಹೊರಗೆ ಹಾಕಿ, 'ನಮ್ಮ ಕುರಿಹಟ್ಟಿಯೊಳಗ ಸತ್ತ ಕುರಿ ಇಟಗೊಂಡ್ರ ಇದ್ದ ಕುರೀನೂ ಸಾಯ್ತಾವ ನೋಡಪ್ಪಾ' ಅಂದಳು. ಬಸ್ಸು ಬಿಟ್ಟಿತು.

ಕಚೇರಿಗೆ ತಿರುಗಿ ಬಂದು ಸಹೋದ್ಯೋಗಿಯ ಮೇಜಿನ ಮುಂದೆ ನಿಂತೆ. 'ಎಲ್ಲಿಂದ ಶುರು ಮಾಡೋಣ?' ಅಂದೆ. ನಾನು ಹೇಳಿದ್ದೆನಲ್ಲ ಅಂತ ಆಕೆ ಅನ್ನಬಹುದಿತ್ತು. ಅನ್ನಲಿಲ್ಲ. 'ಮಸ್ಕಿಯಿಂದ ಶುರು ಮಾಡೋಣ್ರಿ ಸರ್' ಅಂದಳು.

ಆಕೆಯ ಕ್ರಮ ಸರಳವಾಗಿತ್ತು. ಮೊದಲು ಎಲ್ಲ ಕೋಡನ್ನೂ, ಇದ್ದದ್ದು ಇದ್ದ ಹಾಗೆ, ಬದಲಾವಣೆಗಳ ಇತಿಹಾಸ ಇಟ್ಟುಕೊಳ್ಳುವ ಒಂದು ವ್ಯವಸ್ಥೆಗೆ ಸೇರಿಸಿದಳು. ಇನ್ನು ಮೇಲೆ ಅಳಿಸಿದ್ದು ಕಳೆದುಹೋಗುವುದಿಲ್ಲ, ಬೇಕಾದರೆ ಹಿಂದಕ್ಕೆ ಹೋಗಿ ತರಬಹುದು ಅಂತ ನನಗೆ ಎರಡು ಸಲ ತೋರಿಸಿದಳು. ನಾನು ಮೂರನೆಯ ಸಲವೂ ತೋರಿಸಲು ಹೇಳಿದೆ. ಆಮೇಲೆ ಅನುಮಾನ ಇದ್ದ ಕಡೆಯಲ್ಲೆಲ್ಲ ಒಂದು ಸಾಲು ಸೇರಿಸಿದಳು: ಈ ತುಂಡು ಕೆಲಸ ಮಾಡಿದರೆ ದಾಖಲು ಮಾಡಿಕೋ. ಕೆಲವು ವಾರ ಬಿಟ್ಟು ನೋಡುವುದು. ದಾಖಲೆ ಖಾಲಿ ಇದ್ದರೆ ತೆಗೆಯುವುದು, ಒಮ್ಮೆಗೆ ಒಂದೇ ತುಂಡು. ತೆಗೆದು, ಮೂರೂ ಕಡೆಯ ಕೆಲಸ ಪರೀಕ್ಷಿಸಿ, ಸರಿ ಇದ್ದರೆ ಮುಂದಿನದು.

ಮೊದಲ ಸಲ ಅಳಿಸುವಾಗ ನನ್ನ ಬೆರಳು ಕೀಲಿಯ ಮೇಲೆ ನಿಂತೇ ಬಿಟ್ಟಿತು. ಚಿಕ್ಕ ತುಂಡದು, ಬಹಳ ಹಿಂದೆ ಬರೆದದ್ದು. ಇದನ್ನು ಬರೆದ ದಿನ ನನಗೆ ಎಷ್ಟು ಖುಷಿಯಾಗಿತ್ತು ಅಂತ ಆಕೆಗೆ ಹೇಳಿದೆ. 'ಹೌದ್ರಿ ಸರ್, ಭಾಳ ಚೊಲೊ ಬರದೀರಿ' ಅಂದಳು, ಕೂಸಿಗೆ ಸೂಜಿ ಹಾಕುವ ಮುಂಚೆ ನಮ್ಮ ಲ್ಯಾಬಿನ ನರ್ಸು ಮಾತಾಡುವ ಹಾಗೆ. ಒತ್ತಿದೆ. ಏನೂ ಆಗಲಿಲ್ಲ. ಲಿಂಗಸುಗೂರಿನಲ್ಲಿ ರಿಪೋರ್ಟು ಬಂತು, ಮಸ್ಕಿಯಲ್ಲಿ ಬಂತು. ಅಷ್ಟು ವರ್ಷ ಕಾಯ್ದುಕೊಂಡದ್ದು ಹೋದರೂ ಜಗತ್ತಿಗೆ ಏನೂ ಆಗಲಿಲ್ಲವಲ್ಲ ಅಂತ ಸ್ವಲ್ಪ ಅವಮಾನವೇ ಆಯಿತು.

ತಿಂಗಳು ಕಳೆದ ಮೇಲೆ ಡಾಕ್ಟರು ಇಬ್ಬರನ್ನೂ ಕರೆದರು.

'ಪರದೆ ಮೇಲೆ ಹೊಸಾದೇನೂ ಕಾಣವಲ್ದು. ಇಬ್ಬರೂ ಏನು ಮಾಡಾಕತ್ತೀರಿ?'

'ತೆಗೀಲಿಕ್ಕೆ ಹತ್ತೀವಿ ಸರ್' ಅಂದೆ.

'ತೆಗಿಯೋದೂ ಒಂದು ಕೆಲಸೇನ್ರಿ?'

ಎರಡು ತಿಂಗಳ ಹಿಂದಾಗಿದ್ದರೆ ನಾನೂ ಇದನ್ನೇ ಕೇಳುತ್ತಿದ್ದೆ. ಆಕೆ ಹೇಳಿದಳು: 'ಸರ್, ಅಪೆಂಡಿಕ್ಸ್ ತೆಗೆದ ಪೇಷಂಟು ಹೊಸಾದೇನು ಕೊಟ್ರಿ ಅಂತ ಕೇಳ್ತಾರೇನ್ರಿ?' ಡಾಕ್ಟರು ನಕ್ಕು, ಮುಂದುವರಿಸ್ರಿ ಅಂದರು.

ಇಲ್ಲಿಗೆ ನಾನು ಸುಧಾರಿಸಿದೆ ಅಂತ ಕತೆ ಮುಗಿಸಬಹುದಿತ್ತು. ಆದರೆ ಹೊಸದಾಗಿ ದೀಕ್ಷೆ ತೆಗೆದುಕೊಂಡವನ ಹುಚ್ಚು ಬೇರೆ. ಒಂದು ಸಲ ಅಳಿಸುವ ರುಚಿ ಹತ್ತಿದ ಮೇಲೆ ನಾನು ದಿನಾ ಬೆಳಿಗ್ಗೆ ಬಂದ ಕೂಡಲೇ ಏನು ತೆಗೆಯಲಿ ಅಂತ ಹುಡುಕತೊಡಗಿದೆ. ಇವತ್ತು ಇಷ್ಟು ಸಾಲು ತೆಗೆದೆ ಅಂತ ಮನೆಯಲ್ಲೂ ಹೇಳತೊಡಗಿದೆ. ಮನೆಯಾಕೆ, 'ಹಂಗಾದ್ರ ಆ ಅಟ್ಟದ ಮ್ಯಾಲಿನ ಮುರದ ಫ್ಯಾನೂ ತೆಗೀರಿ' ಅಂದಳು. ಅದು ಬೇಕಾದೀತು ಅಂದೆ.

ಆಗ ಮುಕ್ಕುಂದದಲ್ಲಿ ನಾಟಿಯ ಕಾಲ. ಸಹೋದ್ಯೋಗಿ ಒಂದು ವಾರ ರಜೆ ಹಾಕಿ ತವರಿಗೆ ಹೋದಳು. ನಾನು ಒಬ್ಬನೇ ಇದ್ದೆ. ದಾಖಲೆ ನೋಡಿದೆ. 'ಶಿಬಿರ' ಅನ್ನುವ ಒಂದು ದೊಡ್ಡ ಭಾಗ ಎರಡು ತಿಂಗಳಿಂದ ಒಮ್ಮೆಯೂ ಕೆಲಸ ಮಾಡಿರಲಿಲ್ಲ. ಒಮ್ಮೆಗೆ ಒಂದೇ ತುಂಡು ಅಂತ ಆಕೆ ಹೇಳಿದ್ದಳು, ಹೌದು. ಆದರೆ ಇದೂ ಒಂದೇ ತುಂಡು, ದೊಡ್ಡದು ಅಷ್ಟೇ. ಅಳಿಸಿದೆ. ಆಕೆ ಬಂದ ಮೇಲೆ ಶಹಬ್ಬಾಸ್ ಅನ್ನುತ್ತಾಳೆ ಅಂದುಕೊಂಡೆ.

ಮುಂದಿನ ವಾರ ಹಟ್ಟಿಯಲ್ಲಿ ನಮ್ಮ ರಕ್ತ ಪರೀಕ್ಷೆಯ ಶಿಬಿರ. ಆಕೆ ಅಲ್ಲೇ ಇರುವವಳಾದ್ದರಿಂದ ನಮ್ಮ ಲ್ಯಾಬಿನವರ ಜೊತೆ ನಿಂತಿದ್ದಳು. ಶಿಫ್ಟು ಮುಗಿಸಿದವರು ನೇರ ಅಲ್ಲಿಗೇ ಬಂದು ಸಾಲು ಹಚ್ಚಿದ್ದರು, ಸಾಲಿನಲ್ಲಿ ಆಕೆಯ ಗಂಡನೂ ಇದ್ದ. ನನಗೆ ಫೋನು ಬಂತು.

'ಸರ್, ಶಿಬಿರದ ಬಟನ್ ಎಲ್ಲೈತ್ರಿ? ಬಾಟಲಿಗೆ ಹಚ್ಚೋ ಚೀಟಿ ಪ್ರಿಂಟ್ ಆಗವಲ್ವು.'

ನಾನು ದಾಖಲೆ ತೆರೆದು ನೋಡಿದೆ.

'ಸರ್?'

'ಎರಡು ತಿಂಗಳಿಂದ ಅದನ್ನ ಯಾರೂ ಕರೆದಿರಲಿಲ್ಲಮ್ಮ.'

'ಎರಡು ತಿಂಗಳಿಂದ ಶಿಬಿರ ಇರಲಿಲ್ರಿ ಸರ್.'

ಆ ಮಾತಿನಲ್ಲಿ ಒಂದು ಚೂರೂ ಸಿಟ್ಟಿರಲಿಲ್ಲ, ಅದೇ ಕಷ್ಟ. ಹಿಂದಿನಿಂದ ಸಾಲಿನವರ ಗಲಾಟೆ ಕೇಳುತ್ತಿತ್ತು. ಉಪವಾಸವಿದ್ದು ರಕ್ತ ಕೊಡಬೇಕು ಅಂತ ಎಲ್ಲರಿಗೂ ನಾವೇ ಹೇಳಿದ್ದೆವು. ರಾತ್ರಿಯೆಲ್ಲ ನೆಲದೊಳಗೆ ದುಡಿದು ಬಂದವರು ಚಹಾ ಸಹ ಕುಡಿಯದೆ ನಿಂತಿದ್ದರು. 'ನೀವು ಇತಿಹಾಸದಾಗಿಂದ ವಾಪಸ್ ತರ್ರಿ. ಅಲ್ಲಿ ತನಕ ನಾವು ಕೈಲೆ ಬರೀತೀವಿ' ಅಂದು ಫೋನಿಟ್ಟಳು.

ಆಕೆ ಮೂರು ಸಲ ತೋರಿಸಿದ್ದು ಮರೆತೇ ಹೋಗಿತ್ತು. ಹೇಗೋ ಹುಡುಕಿ, ಅಳಿಸಿದ ದಿನದ ಹಿಂದಕ್ಕೆ ಹೋಗಿ, ಇಡೀ ಶಿಬಿರವನ್ನು ವಾಪಸ್ ತಂದೆ. ಒಂದು ಚಹಾ ಮಾಡುವಷ್ಟು ಹೊತ್ತು ಹಿಡಿಯಿತು ಅಷ್ಟೇ. ಅಷ್ಟರಲ್ಲಿ ಆಕೆ ಹೆಸರು, ವಯಸ್ಸು ಕೈಯಲ್ಲೇ ಬರೆದು, ಅರ್ಧ ಸಾಲನ್ನು ಕಳಿಸಿಬಿಟ್ಟಿದ್ದಳು. ಒಂದು ಬಾಟಲಿಯೂ ಅದಲು ಬದಲಾಗಲಿಲ್ಲ. ಸಂಜೆ ಫೋನು ಮಾಡಿ ತಪ್ಪಾಯಿತು ಅಂದೆ. 'ನನ್ನ ತಪ್ಪೂ ಐತ್ರಿ. ಮಷೀನ್ ಅಷ್ಟೇ ಕೇಳಿದ್ವಿ, ಮನಷ್ಯಾರನ್ನ ಕೇಳಲಿಲ್ಲ' ಅಂದಳು. ಅದು ಆಕೆಯ ತಪ್ಪಾಗಿರಲಿಲ್ಲ. ಆದರೂ ನಾನು ಅದನ್ನು ಹಂಚಿಕೊಂಡು ಆ ದಿನ ಮಲಗಿದೆ.

ಆಮೇಲಿಂದ ಯಾವುದನ್ನು ತೆಗೆಯುವುದಿದ್ದರೂ ಎರಡೂ ಶಾಖೆಗೆ ಫೋನು ಮಾಡಿ ಕೇಳುವುದು ರೂಢಿಯಾಯಿತು. ಕೇಳುವ ಕೆಲಸ ನನ್ನದು. ಒಂದು ದಿನ ಲಿಂಗಸುಗೂರಿನ ಕೌಂಟರಿನಲ್ಲಿ ಕೂರುವ ಹಿರಿಯರಿಗೆ ಕೇಳಿದೆ, 'ಎಡಗಡೆ ಕೆಳಗ ಒಂದು ಬಟನ್ ಐತಲ್ರಿ, ಅದನ್ನ ಯಾವಾಗರ ಒತ್ತೀರೇನು?'

'ದಿನಾ ಒತ್ತತೀನ್ರಿ. ಮುಂಜಾನೆ ಬಂದ ಕೂಡ್ಲೇ ಒಂದ್ಸಲ, ಸಂಜಿಮುಂದ ಒಂದ್ಸಲ.'

ಆ ಬಟನ್ನಿನ ಹಿಂದೆ ಏನೂ ಇರಲಿಲ್ಲ. ಅದು ಮಾಡಬೇಕಾದ ಕೆಲಸ ನಿಂತು ಎಷ್ಟೋ ವರ್ಷವಾಗಿತ್ತು. ನಿಂತ ಕೆಲಸ ದಾಖಲೆಗೂ ಬರುವುದಿಲ್ಲ. 'ಒತ್ತಿದ್ರ ಏನಾಗತೈತ್ರಿ?' ಅಂತ ಮೆಲ್ಲಗೆ ಕೇಳಿದೆ.

'ಏನೂ ಆಗಂಗಿಲ್ರಿ. ಮರೀದ ಒತ್ತಬೇಕು ಅಂತ ನೀವೇ ಹೇಳಿದ್ರಲ್ಲ?'

ಹೇಳಿದ್ದೆ. ಹೇಳಿದ್ದನ್ನು ವಾಪಸ್ ತೆಗೆದುಕೊಳ್ಳಲು ಮರೆತಿದ್ದೆ. ಅಷ್ಟು ವರ್ಷ ಒಬ್ಬ ಸಜ್ಜನ ಮನುಷ್ಯ ದಿನಕ್ಕೆರಡು ಸಲ, ಭಕ್ತಿಯಿಂದ, ನನ್ನ ಮಾತಿಗಾಗಿ ಗೋಡೆಗೆ ಕೈಮುಗಿದಿದ್ದರು. ಬಟನ್ ತೆಗೆದ ಮರುದಿನ ಅವರೇ ಫೋನು ಮಾಡಿ, 'ಕೈಗೆ ಏನೋ ಕಳಕೊಂಡಂಗ ಆಗೇತ್ರಿ' ಅಂದರು. ಎರಡು ದಿನದಲ್ಲಿ ರೂಢಿಯಾಗುತ್ತದೆ ಅಂತ ಧೈರ್ಯ ಹೇಳಿದೆ.

ಬೇಸಿಗೆ ಹತ್ತಿರ ಬರುವಷ್ಟರಲ್ಲಿ ಸಾಫ್ಟ್‌ವೇರು ಅರ್ಧಕ್ಕಿಂತ ಸಣ್ಣದಾಗಿತ್ತು. ರಿಪೋರ್ಟಿನ ಫೈಲು ಒಂದೇ ಉಳಿಯಿತು, ಅದರ ಹೆಸರು 'ರಿಪೋರ್ಟ್' ಅಂತಷ್ಟೇ. ಡಾಕ್ಟರು ಒಂದು ಹೊಸ ಪರೀಕ್ಷೆ ಸೇರಿಸಲು ಹೇಳಿದರು. ಮುಂಚೆ ಇಂಥದಕ್ಕೆ ನಾನು ಹದಿನೈದು ದಿನ ಕೇಳುತ್ತಿದ್ದೆ. ಎರಡು ದಿನ ಬರೆಯಲು, ಉಳಿದದ್ದು ಎಲ್ಲಿ ಏನು ಮುರಿಯಿತು ಅಂತ ಹುಡುಕಲು. ಈ ಸಲ ಸಹೋದ್ಯೋಗಿ ಬೆಳಿಗ್ಗೆ ಕೂತಳು, ಊಟದ ಹೊತ್ತಿಗೆ ಎದ್ದಳು. ಮೂರೂ ಕಡೆ ನಡೆಯಿತು. ಬದಲಾವಣೆಯನ್ನು ನಾನು ಓದಿ ನೋಡಿದೆ. ಒಂದೇ ಪುಟ, ಎಲ್ಲ ಅರ್ಥವಾಯಿತು. ನನ್ನದೇ ಸಾಫ್ಟ್‌ವೇರು ನನಗೆ ಅರ್ಥವಾದದ್ದು ಬಹಳ ವರ್ಷಗಳಲ್ಲಿ ಅದೇ ಮೊದಲು.

ಮಧ್ಯಾಹ್ನ ಮಾಡಲು ಏನೂ ಕೆಲಸ ಉಳಿಯಲಿಲ್ಲ. ಸುಮ್ಮನೆ ಕೂರಲಾರದೆ ಏನೋ ಬರೆಯತೊಡಗಿದೆ. ಮುಂದೆ ಎಂದಾದರೂ ತುರ್ವಿಹಾಳದಲ್ಲಿ ಶಾಖೆ ತೆರೆದರೆ ಬೇಕಾಗಬಹುದು ಅಂತ. ಆಕೆ ನೀರಿನ ಬಾಟಲಿ ತುಂಬಿಸಿಕೊಂಡು ಹಿಂದಿನಿಂದ ಹಾದು ಹೋಗುತ್ತ ನಿಂತಳು.

'ತುರ್ವಿಹಾಳದಾಗ ಶಾಖೆ ತೆಗೀತಾರೇನ್ರಿ?'

'ಇಲ್ಲ. ತೆಗೆದರೆ ಅಂತ.'

ಆಕೆ ತನ್ನ ಜಾಗಕ್ಕೆ ಹೋದಳು. ನಾನು ಇನ್ನೂ ಎರಡು ಸಾಲು ಬರೆದೆ. ಓದಿದೆ. ಚೆನ್ನಾಗಿಯೇ ಬಂದಿದ್ದವು. ಅಳಿಸಿ, ಕಂಪ್ಯೂಟರ್ ಆರಿಸಿ, ಮನೆಗೆ ಹೊರಟೆ. ಇನ್ನೂ ನಾಲ್ಕು ಗಂಟೆಯ ಬಿಸಿಲು. ಬಾಗಿಲು ತೆಗೆದ ಮನೆಯಾಕೆ ನನ್ನ ಹಣೆ ಮುಟ್ಟಿ ನೋಡಿ, 'ಯಾಕ್ರಿ, ಇಷ್ಟ ಲಗೂನ ಬಂದ್ರಿ, ಆರಾಮ ಇಲ್ಲೇನು?' ಅಂದಳು.

'ಆರಾಮ ಅದೀನಿ' ಅಂದು ಒಳಗೆ ಹೋದೆ.